ಹಿಂದೂಪುರದ ಎರಡು ಮಂಡಿಗಳು

ಹಿಂದೂಪುರದಲ್ಲಿ ಮಂಡಿಗಳಿಗೆ ಕೊರತೆಯಿಲ್ಲ. ಬೆಲ್ಲದ ಮಂಡಿಯುಂಟು, ಹುಣಸೆಯ ಮಂಡಿಯುಂಟು; ಸುಗ್ಗಿಯ ಕಾಲದಲ್ಲಿ ಆ ಬೀದಿಗಳನ್ನು ಹಾದುಹೋಗುವವನ ನಾಲಗೆಗೆ ಸಿಹಿಯೋ ಹುಳಿಯೋ ತಾನಾಗಿ ಒದಗುತ್ತದೆ. ಆದರೆ ನಾವಿಲ್ಲಿ ಪ್ರಸ್ತಾಪಿಸಹೊರಟಿರುವ ಮಂಡಿಗಳು ಪೇಟೆಯವಲ್ಲ, ನಮ್ಮ ಸ್ವಂತದವು, ಎಡಗಾಲಿನದೊಂದು, ಬಲಗಾಲಿನದೊಂದು. ಅವುಗಳಲ್ಲಿ ನಡೆದ ವ್ಯಾಪಾರವು ಬಹುಕಾಲ ನಷ್ಟದ್ದೇ ಆಗಿತ್ತು. ಸಂಘದ ಕಾರ್ಯದರ್ಶಿಗಳು ನಮ್ಮಿಂದ ಬಯಸಿದ್ದು ಗಡಿನಾಡಿನ ಶಾಸನಗಳನ್ನು ಕುರಿತ ಲೇಖನವನ್ನು. ಶಾಸನ ನೋಡಬೇಕಾದರೆ ಗುಡ್ಡ ಹತ್ತಬೇಕು. ಗುಡ್ಡ ಹತ್ತಬೇಕಾದರೆ ಮಂಡಿ ಬೇಕು. ಆದುದರಿಂದ ಮೊದಲು ಮಂಡಿಯ ವಿಚಾರವನ್ನು ಬರೆದು ಮುಗಿಸುವುದೇ ಕ್ರಮವೆಂದು ಅವರನ್ನು ಒಪ್ಪಿಸಿದ್ದೇವೆ.

ಉಪಾಧ್ಯಾಯ ವೃತ್ತಿಯನ್ನು ಲೋಕವು ಬುದ್ಧಿಯ ವೃತ್ತಿಯೆಂದು ತಿಳಿದಿದೆ. ವಾಸ್ತವವಾಗಿ ಅದು ಕಾಲಿನ ವೃತ್ತಿ. ನಮ್ಮ ಮೊದಲ ಹತ್ತು ವರ್ಷಗಳು ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಕಳೆದುವು. ಅಲ್ಲಿ ಮಕ್ಕಳೊಡನೆ ನಾವೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಅಕ್ಷರ ತಿದ್ದಿಸಿದೆವು, ಸೈಕಲ್ಲು ತುಳಿದೆವು, ಕಡಲೆಕಾಯಿ ಹೊಲಗಳ ಬದುಗಳ ಮೇಲೆ ನಡೆದು, ಶಾಲೆಗೆ ಬಾರದ ಹುಡುಗರನ್ನು ಹುಡುಕಿ ತಂದೆವು. ಆಮೇಲೆ ಹಿಂದೂಪುರಕ್ಕೆ ವರ್ಗವಾಯಿತು. ಇಲ್ಲಿ ಸಿಮೆಂಟಿನ ನೆಲ, ದಿನಕ್ಕೆ ಆರು ಗಂಟೆಗಳ ನಿಲುವು. ಕರಿಹಲಗೆಯ ಮುಂದೆ ಕುರ್ಚಿಯಿದ್ದರೂ ಅದರಲ್ಲಿ ಕೂರುವುದು ಸೋಮಾರಿಗಳ ಲಕ್ಷಣವೆಂದು ನಮ್ಮ ಗುರುಗಳು ಕಲಿಸಿದ್ದರು. ನಾವದನ್ನು ವೇದವಾಕ್ಯವೆಂದು ನಂಬಿದ್ದೆವು.

ಐವತ್ತೈದು ದಾಟಿದ ಮೇಲೆ ಮಂಡಿಗಳು ಮಾತನಾಡತೊಡಗಿದುವು. ಮಾತು ಎಂದರೆ ಮಾತೇ: ಕುಳಿತು ಏಳುವಾಗ ಒಣಗಿದ ಹುಣಸೆಕಾಯಿಯ ಸಿಪ್ಪೆ ಮುರಿದಂತಹ ಶಬ್ದ. ಬೆಳಗ್ಗೆ ಹಾಸಿಗೆಯಿಂದೆದ್ದಾಗ ಹತ್ತು ನಿಮಿಷ ಕೀಲು ಬಿಗಿದಿರುವುದು. ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಹಿಂದೆ ಯಾರೋ ಮರಳು ತುಂಬಿದಂತಾಗುವುದು. ನಾವು ಮೊದಲು ಕೈಗೊಂಡ ಚಿಕಿತ್ಸೆ ಎಲ್ಲರೂ ಕೈಗೊಳ್ಳುವಂಥದೇ. ಅಂದರೆ, ಯಾರು ಏನು ಹೇಳಿದರೂ ಮಾಡುವುದು. ಎಣ್ಣೆಗಳು ಬಂದುವು, ಪಟ್ಟುಗಳು ಬಂದುವು, ಎಕ್ಕದ ಎಲೆಯ ಶಾಖ ಬಂದಿತು. ಶಾಖದಿಂದ ಬಿಗಿತ ಸಡಿಲಿದ್ದು ನಿಜ; ಅದನ್ನು ಅಲ್ಲಗಳೆಯುವುದಿಲ್ಲ. ಒಂದು ಕಡೆ ಮಂಡಿಯೊಳಕ್ಕೆ ಸೂಜಿಯ ಔಷಧಿಯನ್ನೂ ಹಾಕಿಸಿಕೊಂಡೆವು. ಒಂದೂವರೆ ತಿಂಗಳು ಸ್ವರ್ಗ; ಬಳಿಕ ಮತ್ತೆ ಭೂಲೋಕ. ಅಲ್ಲಿ ನಮಗೆ ವ್ಯಾಯಾಮದ ಮಾತನ್ನು ಯಾರೂ ಎತ್ತಲಿಲ್ಲ. ಬದಲಾಗಿ, “ಸಾಧ್ಯವಾದಷ್ಟು ನಡೆಯಬೇಡಿ” ಎಂಬ ಉಪದೇಶ ದೊರೆಯಿತು. ಅದು ಹಿತವಾದ ಉಪದೇಶವಾದುದರಿಂದ ಶ್ರದ್ಧೆಯಿಂದ ಪಾಲಿಸಿದೆವು. ವರ್ಷದೊಳಗೆ ತೂಕ ಏರಿತು, ತೊಡೆ ಬಡವಾಯಿತು, ನೋವು ಇಮ್ಮಡಿಸಿತು.

2022ರ ಜನವರಿಯಿಂದ ಆಂಧ್ರ ಸರ್ಕಾರವು ನೌಕರರ ನಿವೃತ್ತಿಯ ವಯಸ್ಸನ್ನು 60ರಿಂದ 62ಕ್ಕೆ ಏರಿಸಿತು. ಅಧ್ಯಾಪಕರ ಕೋಣೆಯಲ್ಲಿ ಮಿಠಾಯಿ ಹಂಚಿದರು. ನಮಗಾಗ ಐವತ್ತೊಂಬತ್ತು. ಎಲ್ಲರೂ ಇನ್ನೆರಡು ವರ್ಷದ ಸಂಬಳವನ್ನು ಎಣಿಸಿದರೆ, ನಾವು ಇನ್ನೆರಡು ವರ್ಷದ ಮೆಟ್ಟಿಲುಗಳನ್ನು ಎಣಿಸಿದೆವು. ಅದೇ ಏಪ್ರಿಲ್ 4ರಂದು ಜಿಲ್ಲೆ ಇಬ್ಭಾಗವಾಯಿತು. ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಹೀಗೆ ನಾವೂ ಕಲ್ಯಾಣದುರ್ಗದಲ್ಲಿರುವ ನಮ್ಮ ಅಕ್ಕನೂ ಬೇರೆ ಬೇರೆ ಜಿಲ್ಲೆಯವರಾದೆವು. ನಮ್ಮಿಬ್ಬರಿಗೂ ಸಾಮಾನ್ಯವಾಗಿ ಉಳಿದದ್ದು ಮಂಡಿನೋವೊಂದೇ.

ಆ ವರ್ಷ ಮಕ್ಕಳನ್ನು ಲೇಪಾಕ್ಷಿಗೆ ಕರೆದೊಯ್ದೆವು. ಹಿಂದೂಪುರಕ್ಕೆ ಅದು ಹತ್ತಿರದ ಊರು. ವೀರಭದ್ರನ ಗುಡಿಯಿರುವ ಕೂರ್ಮಶೈಲವು ಹೆಸರಿಗೆ ಶೈಲವಾದರೂ ಆಮೆಯ ಬೆನ್ನಿನಷ್ಟೇ ತಗ್ಗಾದ ಬಂಡೆ; ಮಕ್ಕಳು ಅದನ್ನು ಓಡಿ ಹತ್ತಿದರು. ಅಚ್ಯುತದೇವರಾಯನ ಕಾಲದ ಗುಡಿ, ಗೋಡೆಯ ಮೇಲೆ ಕನ್ನಡದ ಶಾಸನ. ಅವನ್ನು ಮಕ್ಕಳಿಂದ ಓದಿಸುವುದು ಪ್ರತಿವರ್ಷ ನಮಗೆ ಹಬ್ಬ. ಆ ದಿನ ನಾವು ನಾಲ್ಕು ಮೆಟ್ಟಿಲು ಹತ್ತಿ ಕುಳಿತುಬಿಟ್ಟೆವು. ಏಳನೆಯ ತರಗತಿಯ ಹುಡುಗನೊಬ್ಬ ಹಿಂದಿರುಗಿ ಬಂದು, ಏನೂ ಮಾತನಾಡದೆ ತನ್ನ ಹೆಗಲನ್ನು ನಮ್ಮ ಕೈಕೆಳಗೆ ತಂದು ನಿಂತನು. ಅವನ ಹೆಗಲ ಮೇಲೆ ಭಾರ ಹಾಕಿ ಗುಡಿಯೊಳಕ್ಕೆ ಹೋದೆವು. ಶಾಸನವನ್ನು ಅವನೇ ಓದಿದನು. ನಾವು ಕಂಬಕ್ಕೊರಗಿ ಕೇಳಿದೆವು.

ಅಂದು ರಾತ್ರಿ ಸ್ವಇಚ್ಛಾ ನಿವೃತ್ತಿಯ ಅರ್ಜಿಯೊಂದನ್ನು ಬರೆದೆವು. ಬರೆದು ತಾರೀಖು ಹಾಕದೆ ಮೇಜಿನ ಖಾನೆಯಲ್ಲಿಟ್ಟೆವು. ತಾರೀಖು ಹಾಕದಿರಲು ಕಾರಣವಿಷ್ಟೆ: ಕನ್ನಡ ಮಾಧ್ಯಮದ ತರಗತಿಗಳಿಗೆ ಆ ಶಾಲೆಯಲ್ಲಿ ಇದ್ದವರು ನಾವೊಬ್ಬರು, ಮಕ್ಕಳು ಇಪ್ಪತ್ತಮೂರು. ಗಡಿನಾಡಿನಲ್ಲಿ ಒಮ್ಮೆ ತೆರವಾದ ಕನ್ನಡದ ಕುರ್ಚಿ ಎಷ್ಟು ಕಾಲ ತೆರವಾಗಿರುತ್ತದೆಂಬುದು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾದುದಲ್ಲ. ಆ ಇಪ್ಪತ್ತಮೂರು ಮಂದಿ ಯಾವ ಕೋಣೆಯಲ್ಲಿ ಯಾವ ಭಾಷೆಯ ಪುಸ್ತಕ ಹಿಡಿದು ಕುಳಿತಿರುತ್ತಾರೆಂದು ಯೋಚಿಸುತ್ತ ನಿದ್ದೆ ಬರಲಿಲ್ಲ.

ಕೊನೆಗೆ ನಮ್ಮನ್ನು ದಾರಿಗೆ ತಂದವಳು ಊರಿನ ಒಬ್ಬ ಫಿಸಿಯೋಥೆರಪಿಯ ತರುಣಿ. ಆಕೆ ನಮ್ಮ ಶಾಲೆಯ ತೆಲುಗು ವಿಭಾಗದಲ್ಲಿ ಓದಿದವಳೆಂಬುದು ಆಮೇಲೆ ತಿಳಿಯಿತು. ಬಾಯಿತುಂಬ “ಸಾರ್” ಎನ್ನುತ್ತಿದ್ದಳು. ಆದರೆ ಆ ಸಾರ್ ಎಂಬ ಮರ್ಯಾದೆಯ ಹಿಂದೆಯೇ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುವ ಗದರಿಕೆಯೂ ಇರುತ್ತಿತ್ತು. ವೈದ್ಯರು ತೆಗೆಸಿದ್ದ ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಮಂಡಿಯ ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಕ್ರಮವನ್ನು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರಿಬ್ಬರು ಪ್ರಕಟಿಸಿದರಂತೆ. ನಮ್ಮದು ಮೂರು. ನಾಲ್ಕಕ್ಕೆ ಮೂರು ಅಂಕ ಬಂದು ದುಃಖಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. “ಚಿತ್ರಕ್ಕೆ ನೋವಿಲ್ಲ ಸಾರ್, ನೋವು ನಿಮಗೆ. ಚಿತ್ರ ಬಿಡಿ, ತೊಡೆ ತೋರಿಸಿ” ಎಂದಳು. ಅವಳ ಮಾತು ಸರಿಯೇ. ಚಿತ್ರದಲ್ಲಿ ಬಹಳ ಸವೆದ ಮಂಡಿಯವರು ಸುಖವಾಗಿ ನಡೆಯುವುದೂ, ಸ್ವಲ್ಪವೇ ಸವೆದವರು ನರಳುವುದೂ ಉಂಟು.

ಸಂಧಿವಾತವೆಂದು ನಾವು ಒಂದೇ ಹೆಸರಿನಿಂದ ಕರೆಯುವ ವ್ಯಾಧಿಯಲ್ಲಿ ನೂರಕ್ಕೂ ಮೇಲ್ಪಟ್ಟು ಬಗೆಗಳಿವೆ. ಕೈಬೆರಳುಗಳ ಗೆಣ್ಣುಗಳೆಲ್ಲ ಊದಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿರುವ ಆಮವಾತದ ಜಾತಿಯೇ ಬೇರೆ. ಅದಕ್ಕೆ ಔಷಧಿ ಬೇಕೇಬೇಕು. ಮಂಡಿ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ವ್ಯಾಯಾಮದ ಮಾತೇ ಇಲ್ಲ, ಆ ದಿನವೇ ವೈದ್ಯರ ಬಳಿ ಓಡಬೇಕು. ನಮ್ಮದು ವಯಸ್ಸಿನೊಡನೆ ಬರುವ ಸಾಧಾರಣ ಬಗೆ. ಮೂಳೆಗಳ ತುದಿಯಲ್ಲಿ ಕೆಲವೇ ಮಿಲಿಮೀಟರು ದಪ್ಪದ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಹಾಗಾದರೆ ಅದು ಏನು ತಿಂದು ಬದುಕುತ್ತದೆ? ಕೀಲಿನೊಳಗಿನ ರಸವನ್ನು. ಕಾಲೂರಿದಾಗ ಒತ್ತಿಹೋಗಿ, ಎತ್ತಿದಾಗ ಮತ್ತೆ ಹೀರಿಕೊಳ್ಳುವ ಒದ್ದೆಬಟ್ಟೆಯಂತೆ ಅದರ ಊಟ. ಅಲುಗಾಡದ ಕೀಲು ಉಪವಾಸದ ಕೀಲು. ಒಂದು ವರ್ಷ ನಾವು ಹಿತವಾದ ಉಪದೇಶ ಪಾಲಿಸಿ ಮಾಡಿದ್ದು ಮಂಡಿಗೆ ಉಪವಾಸ ಹಾಕಿದ ಕೆಲಸ.

ಇನ್ನು ತೊಡೆಯ ವಿಚಾರ. ಲೇಪಾಕ್ಷಿಯ ಎಪ್ಪತ್ತರಷ್ಟು ಕಂಬಗಳ ನಡುವೆ ಒಂದು ಕಂಬ ನೆಲಕ್ಕೆ ಪೂರ್ತಿ ತಾಗದೆ ನಿಂತಿರುವುದನ್ನು ಎಲ್ಲರೂ ಬಲ್ಲರು; ಯಾತ್ರಿಕರು ಅದರಡಿಯಲ್ಲಿ ಬಟ್ಟೆಯೆಳೆದು ಆಚೆ ತೆಗೆದು ಬೆರಗಾಗುತ್ತಾರೆ. ನಾವು ಮಾತ್ರ ಆ ಕಂಬಕ್ಕಿಂತ ಅದರ ಸುತ್ತಲಿನ ಕಂಬಗಳಿಗೆ ಕೈಮುಗಿಯುವವರು. ಅದರ ಪಾಲಿನ ಭಾರವನ್ನು ಹೊತ್ತಿರುವುವು ಅವೇ ಅಲ್ಲವೆ? ಮಂಡಿಯ ಸುತ್ತಲಿನ ಅಂತಹ ಕಂಬಗಳೆಂದರೆ ತೊಡೆಯ ಮುಂಭಾಗದ ನಾಲ್ಕು ತಲೆಯ ದೊಡ್ಡ ಸ್ನಾಯು, ಹಿಂಭಾಗದ ಸ್ನಾಯುಗಳು, ಪೃಷ್ಠದ ಸ್ನಾಯುಗಳು. ಹೆಜ್ಜೆಯ ಆಘಾತವನ್ನು ಅವು ಹೀರಿಕೊಂಡರೆ ಮಂಡಿಗೆ ವಿಶ್ರಾಂತಿ. ನೋವಿಗೆ ಹೆದರಿ ಕಾಲನ್ನು ಬಳಸದಿದ್ದರೆ ಮೊದಲು ಕೃಶವಾಗುವುದೂ ಅವೇ. ಆ ತರುಣಿ ಅಳತೆಯ ಪಟ್ಟಿ ಸುತ್ತಿ ನೋಡಿದಾಗ ನಮ್ಮ ಬಲತೊಡೆ ಎಡತೊಡೆಗಿಂತ ಎರಡು ಸೆಂಟಿಮೀಟರು ಸಣ್ಣದಾಗಿತ್ತು.

ಅವಳು ಮನೆಗೆಲಸ ಕೊಟ್ಟಳು. ಮೂವತ್ತಕ್ಕೂ ಹೆಚ್ಚು ವರ್ಷ ಮನೆಗೆಲಸ ಕೊಟ್ಟವರಿಗೆ ಅದನ್ನು ಪಡೆಯುವ ಸಂಕಟ ಆಗ ಅರಿವಾಯಿತು. ಅಂಗಾತ ಮಲಗಿ, ಸುರುಳಿ ಸುತ್ತಿದ ಟವಲನ್ನು ಮಂಡಿಯಡಿಯಿಟ್ಟು ಕೆಳಕ್ಕೆ ಒತ್ತಿ ಹಿಡಿಯುವುದು. ಒಂದು ಮಂಡಿಯನ್ನು ಮಡಿಸಿ, ಇನ್ನೊಂದು ಕಾಲನ್ನು ನೇರವಾಗಿಟ್ಟುಕೊಂಡೇ ಒಂದಡಿಯಷ್ಟು ಮೇಲೆತ್ತಿ ನಿಲ್ಲಿಸುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮಂಡಿ ಮಡಿಸುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನೆತ್ತುವುದು. ಪ್ರತಿಯೊಂದೂ ಹತ್ತು ಸಲ, ದಿನಕ್ಕೆ ಎರಡು ಬಾರಿ. ಇವೆಲ್ಲ ಹೇಳಲು ಎಷ್ಟು ಸುಲಭವೋ ಮಾಡಲೂ ಅಷ್ಟೇ ಸುಲಭ. ದಿನವೂ ಮಾಡುವುದು ಮಾತ್ರ ದುಸ್ತರ. ಎಣಿಕೆಗೆ ನಾವೊಂದು ಉಪಾಯ ಮಾಡಿದೆವು. ಕಾಲೆತ್ತಿ ಹಿಡಿದು ಎರಡರ ಮಗ್ಗಿ ಹೇಳುವುದು. ಎರಡ್ಹತ್ಲ ಇಪ್ಪತ್ತು ಎಂದಾಗ ಇಳಿಸುವುದು. ಮಗ್ಗಿ ಗಟ್ಟಿಯಾಗಿ ಹೇಳಿದರೆ ಉಸಿರು ಬಿಗಿಹಿಡಿಯುವ ದೋಷವೂ ತಪ್ಪುತ್ತದೆ. ಮಾಡಿದ ದಿನಗಳಿಗೆ ಗುರುತು ಹಾಕಲು ಕಾಗದ ಬೇಕಾಯಿತು. ಖಾನೆ ಎಳೆದಾಗ ಕೈಗೆ ಸಿಕ್ಕಿದ್ದು ಆ ತಾರೀಖಿಲ್ಲದ ಅರ್ಜಿ. ಅದರ ಬೆನ್ನಿನ ಮೇಲೆಯೇ ಗೆರೆಯೆಳೆದು ಮನೆಗಳನ್ನು ಮಾಡಿದೆವು.

ಮೂರನೆಯ ದಿನ ನೋವು ಹೆಚ್ಚಾಯಿತೆಂದು ಬಿಟ್ಟುಬಿಟ್ಟೆವು. ಎಂಟನೆಯ ದಿನ ಅವಳ ಮುಂದೆ ನಿಂತಾಗ, ಮನೆಗೆಲಸ ಮಾಡದ ಹುಡುಗರು ನಮ್ಮ ಮುಂದೆ ನಿಲ್ಲುವ ಹಾಗೆಯೇ ನೆಲ ನೋಡುತ್ತ ನಿಂತಿದ್ದೆವು. ಅವಳು ಅಂದು ತಿಳಿಸಿದ ಸೂತ್ರವನ್ನು ಮಾತ್ರ ಎಲ್ಲರೂ ಬರೆದಿಟ್ಟುಕೊಳ್ಳಬೇಕು. ವ್ಯಾಯಾಮದ ವೇಳೆಯಲ್ಲಿ ಸ್ವಲ್ಪ ನೋವು ಬಂದರೆ ದೋಷವಿಲ್ಲ. ಮರುದಿನದ ಬೆಳಗಿನೊಳಗೆ ಅದು ಮೊದಲಿನ ಮಟ್ಟಕ್ಕಿಳಿಯಬೇಕು. ಇಳಿಯದೆ ಹೋದರೆ, ಅಥವಾ ಮಂಡಿ ಊದಿದರೆ, ಎಣಿಕೆ ಕಡಮೆ ಮಾಡಬೇಕೇ ಹೊರತು ಬಿಡಬಾರದು. “ಗುಣ ಕಾಣೋಕೆ ಆರೆಂಟು ವಾರ ಬೇಕು ಸಾರ್. ನೀವು ಒಂದನೇ ತರಗತಿಗೆ ಬಂದ ಹುಡುಗ ಮೂರು ದಿನಕ್ಕೆ ಓದಲಿಲ್ಲ ಅಂತ ಶಾಲೆ ಬಿಡಿಸಿದ್ರಾ?” ಎಂದಳು. ಉತ್ತರವಿರಲಿಲ್ಲ.

ಕ್ರಮೇಣ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಪಾಠ ಬಂದಿತು, ತಗ್ಗಾದ ಮೆಟ್ಟಿಲೊಂದನ್ನು ಹತ್ತಿಳಿಯುವ ಪಾಠ ಬಂದಿತು. ಮೆಟ್ಟಿಲು ಹತ್ತುವಾಗ ಗಟ್ಟಿಕಾಲು ಮುಂದು, ಇಳಿಯುವಾಗ ನೋವಿನ ಕಾಲು ಮುಂದು. ಊರುಗೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ನಾವು ಅಷ್ಟು ದಿನ ನೋವಿನ ಕಡೆಯಲ್ಲಿಯೇ ಹಿಡಿದು ಭಾರವನ್ನೆಲ್ಲ ಅಲ್ಲಿಗೇ ಎಳೆದುಕೊಂಡಿದ್ದೆವು. ತರಗತಿಯಲ್ಲಿ ಅರ್ಧಗಂಟೆಗೊಮ್ಮೆ ಕುರ್ಚಿಯಲ್ಲಿ ಕುಳಿತೆವು. ಗುರುಗಳ ಆತ್ಮ ಕ್ಷಮಿಸಲಿ.

ತೂಕದ ವಿಚಾರದಲ್ಲಿ ಮಕ್ಕಳಿಗೊಂದು ಲೆಕ್ಕ ಕೊಡುತ್ತೇವೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರಿಶೋಧನೆಯೊಂದು ತೋರಿಸಿತು. ನಾವು ಎಂಟು ತಿಂಗಳಲ್ಲಿ ಆರು ಕಿಲೋ ಇಳಿದೆವು. ದಿನಕ್ಕೆ ಮೂರು ಸಾವಿರ ಹೆಜ್ಜೆಯೆಂದರೆ ಒಂದೊಂದು ಕಾಲಿಗೆ ಒಂದೂವರೆ ಸಾವಿರ. ಆರನ್ನು ನಾಲ್ಕರಿಂದಲೂ ಒಂದೂವರೆ ಸಾವಿರದಿಂದಲೂ ಗುಣಿಸಿದರೆ ಮೂವತ್ತಾರು ಸಾವಿರ ಕಿಲೋ. ಹತ್ತು ಟನ್ನಿನ ಲಾರಿಗಳಲ್ಲಿ ಬೆಲ್ಲ ತುಂಬಿದರೆ ಮೂರೂವರೆ ಲಾರಿಗಿಂತ ಹೆಚ್ಚು. ಅಷ್ಟು ಬೆಲ್ಲವನ್ನು ನಮ್ಮ ಒಂದು ಮಂಡಿಯು ದಿನವೂ ವೃಥಾ ಹೊರುತ್ತಿತ್ತು! ಅದರಲ್ಲಿ ಸ್ವಲ್ಪ ಭಾಗ ನಿಜವಾಗಿಯೂ ಬೆಲ್ಲವೇ ಆಗಿದ್ದಿತೆಂಬುದನ್ನು ನಮ್ಮ ಮನೆಯವರು ಈ ಸಂದರ್ಭದಲ್ಲಿ ಸೇರಿಸಬಯಸುತ್ತಾರೆ.

ಸೂಜಿಗೂ ಅಂಗಸಾಧನೆಗೂ ಪಂದ್ಯವಿಟ್ಟು ನೋಡಿದವರೂ ಇದ್ದಾರೆ. 2020ರಲ್ಲಿ ಅಮೆರಿಕದ ಸೈನಿಕ ವೈದ್ಯಶಾಲೆಗಳಲ್ಲಿ 156 ಮಂದಿ ಮಂಡಿನೋವಿನವರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಸೂಜಿಮದ್ದನ್ನೂ ಇನ್ನೊಂದಕ್ಕೆ ಫಿಸಿಯೋಥೆರಪಿಯನ್ನೂ ಕೊಟ್ಟ ಪರೀಕ್ಷೆಯ ಫಲ ಪ್ರಕಟವಾಯಿತು. ವರ್ಷ ತುಂಬಿದಾಗ ಕಡಮೆ ನೋವಿನಿಂದ ಹೆಚ್ಚು ಚೆನ್ನಾಗಿ ಓಡಾಡುತ್ತಿದ್ದವರು ಎರಡನೆಯ ಪಂಗಡದವರು. ನಮ್ಮ ದೇಶದಲ್ಲಿ ಈ ವಿದ್ಯೆ ಬಹಳ ಹಳೆಯದಲ್ಲ. ಪೋಲಿಯೋ ಪೀಡಿತ ಮಕ್ಕಳ ದೆಸೆಯಿಂದ ಮುಂಬಯಿಯಲ್ಲಿ 1950ರ ದಶಕದ ಆದಿಯಲ್ಲಿ ಅದರ ಮೊದಲ ಶಾಲೆ ಹುಟ್ಟಿತು. ವೆಲ್ಲೂರಿನ ಮೇರಿ ವರ್ಗೀಸರ ಕಥೆಯನ್ನು ನಾವು ಮಕ್ಕಳಿಗೆ ಆಗಾಗ್ಗೆ ಹೇಳುತ್ತಿದ್ದೆವು. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ಆ ವೈದ್ಯೆ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಂಗವಿಕಲರ ಪುನಶ್ಚೇತನಕ್ಕೆ ಕೇಂದ್ರವನ್ನೇ ಸ್ಥಾಪಿಸಿದರು. ಮಕ್ಕಳಿಗೆ ಹೇಳುವಾಗ ಕಥೆ. ಸ್ವಂತ ಕಾಲೆತ್ತಿ ಎರಡರ ಮಗ್ಗಿ ಹೇಳುವಾಗ ಅದು ಬೇರೆಯೇ ಅರ್ಥ ಕೊಟ್ಟಿತು.

ಮೂರು ತಿಂಗಳಾದ ಮೇಲೆ, ಕಲಿತದ್ದನ್ನು ಕಲಿಸುವ ಚಪಲದಿಂದ ಕಲ್ಯಾಣದುರ್ಗಕ್ಕೆ ಹೊರಟೆವು. ಅಕ್ಕ ನಮಗಿಂತ ಎಂಟು ವರ್ಷ ಹಿರಿಯಳು. ಭಾವನವರು ತೀರಿಕೊಂಡ ಮೇಲೆ ಒಬ್ಬಳೇ ಇರುತ್ತಾಳೆ. ಎರಡು ವರ್ಷದಿಂದ ಅವಳು ಹೊಸ್ತಿಲು ದಾಟಿ ಬೀದಿಗಿಳಿದಿರಲಿಲ್ಲವೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮಗಳು ಬಂದು ಕರೆದರೂ ಹೋಗಿರಲಿಲ್ಲ. ನಮಗೆ ತಿಳಿಯದಂತೆ ಫೋನಿನಲ್ಲಿ “ಚೆನ್ನಾಗಿದ್ದೀನಪ್ಪ” ಎಂದೇ ಹೇಳುತ್ತಿದ್ದಳು. ನಮ್ಮ ಉಪದೇಶವನ್ನೆಲ್ಲ ಕೇಳಿ, “ನಿನ್ನ ನೋವು ಕುರ್ಚಿ ನೋವು ಕಣೋ ತಮ್ಮಾ, ನಂದು ನೀರಿನ ನೋವು” ಎಂದಳು.

ಆ ಮಾತು ಹುರುಳಿಲ್ಲದ್ದಲ್ಲ. ನಮ್ಮ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಮು ಮೀರದಿರುವುದು ಲೇಸು, ಬೇರೆ ನೀರಿಲ್ಲದಿದ್ದರೆ ಒಂದೂವರೆ ಎಂಬುದು ನಮ್ಮ ದೇಶದ ಕಟ್ಟಳೆ. ವರ್ಷಗಟ್ಟಲೆ ಮೀರಿದರೆ ಮೊದಲು ಹಲ್ಲಿನ ಮೇಲೆ ಕಂದುಗೆರೆ, ಆಮೇಲೆ ಬೆನ್ನು ಕೀಲುಗಳ ಬಿಗಿತ. ಇದು ಮೂಳೆಗಳನ್ನು ಕೆಡಿಸುವುದೆಂದು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದೂ ಇದೇ ಆಂಧ್ರದ ನೆಲ್ಲೂರು ಸೀಮೆಯಲ್ಲಿ, 1937ರಲ್ಲಿ. 1990ರ ದಶಕದ ನಡುವಿನಲ್ಲಿ ಸತ್ಯಸಾಯಿ ನೀರಿನ ಯೋಜನೆಯಿಂದ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಒಳ್ಳೆಯ ನೀರು ಬಂದಿತು. ಅಷ್ಟರಲ್ಲಿ ಅಕ್ಕ ನಲವತ್ತು ವರ್ಷ ಹಳೆಯ ನೀರನ್ನೇ ಕುಡಿದಾಗಿತ್ತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ವೈದ್ಯರಲ್ಲಿಗೆ ಹೋದೆವು. ಅವರು ಮಂಡಿಯೊಡನೆ ಮುಂಗೈಯ ಚಿತ್ರವನ್ನೂ ತೆಗೆಸಿದರು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿದ್ದರೆ ಅದು ಫ್ಲೋರೈಡಿನ ಗುರುತಂತೆ. ಅಕ್ಕನದು ಸ್ವಲ್ಪ ಗಟ್ಟಿಯಾಗಿತ್ತು. ಅದಕ್ಕೆ ಮಾಡುವಂಥದು ಹೆಚ್ಚೇನೂ ಇಲ್ಲ. ಆದರೆ ಮಂಡಿಯ ಸವೆತ ಬೇರೆಯೇ ಇದೆ, ಅದಕ್ಕೆ ಸಾಧನೆ ಮಾಡಬಹುದು ಎಂದರು.

ಅಕ್ಕ ಮನೆಗೆ ಬಂದು ಬಹಳ ಹೊತ್ತು ಮಾತನಾಡಲಿಲ್ಲ. ನೀರು ಕುಡಿದದ್ದಕ್ಕೂ ಶಿಕ್ಷೆಯೆ ಎಂದು ಅವಳು ಕೇಳಿದ್ದರೆ ನಮ್ಮಲ್ಲಿ ಹೇಳಲು ಮಾತಿರಲಿಲ್ಲ. ಅವಳು ಕೇಳಿದ್ದು ಬೇರೆ: “ಆ ಮಗ್ಗಿ ಕಸರತ್ತು ಹೆಂಗೋ, ತೋರಿಸು.” ನೆಲದ ಮೇಲೆ ಮಲಗಿ ಏಳಲಾರಳೆಂದು ಮಂಚದ ಮೇಲೆಯೇ ತೋರಿಸಿದೆವು. ಕಾಲು ಅರ್ಧ ಅಡಿಯೂ ಏಳಲಿಲ್ಲ. ಎರಡ್ಮೂರ್ಲ ಆರಕ್ಕೇ ಇಳಿಯಿತು. ಹಿಂದೂಪುರದ ತರುಣಿ ನಮಗೆ ಹೇಳಿದ್ದನ್ನೆಲ್ಲ ಅಕ್ಕನಿಗೆ ಹೇಳಿ ಬಂದೆವು. ವಾರಕ್ಕೊಮ್ಮೆ ಅಲ್ಲಿಯ ಫಿಸಿಯೋಥೆರಪಿಯವರು ಬಂದು ನೋಡುವಂತೆ ಏರ್ಪಾಡು ಮಾಡಿದೆವು.

ಅಕ್ಕನ ಗುಣ ನಮ್ಮಷ್ಟಾಗಲಿಲ್ಲ. ಬೆನ್ನಿನ ಬಿಗಿತ ಹಾಗೆಯೇ ಇದೆ. ಮಂಡಿಯ ಕೀಲನ್ನೇ ಬದಲಿಸುವ ಶಸ್ತ್ರಚಿಕಿತ್ಸೆಯ ಮಾತೂ ಒಮ್ಮೆ ಬಂದುಹೋಯಿತು, ಮುಂದೆ ಬಂದರೂ ಬರಬಹುದು. ಆದರೆ ಊರುಗೋಲನ್ನು ಎದುರು ಕೈಯಲ್ಲಿ ಹಿಡಿದು ಬಸ್ ನಿಲ್ದಾಣದವರೆಗೆ ನಡೆದು ಬರುತ್ತಾಳೆ, ಮಗಳ ಮನೆಗೂ ಹೋಗಿ ಬಂದಳು.

ನಾವು 2025ರಲ್ಲಿ, ಅರವತ್ತೆರಡು ತುಂಬಿದಾಗ ನಿವೃತ್ತರಾದೆವು. ಕೊನೆಯ ವರ್ಷವೂ ಮಕ್ಕಳನ್ನು ಲೇಪಾಕ್ಷಿಗೆ ಕರೆದೊಯ್ದು ಶಾಸನ ಓದಿಸಿದೆವು. ಮೆಟ್ಟಿಲ ಬಳಿ ಯಾರ ಹೆಗಲೂ ಬೇಕಾಗಲಿಲ್ಲ. ನಮ್ಮ ಸ್ಥಾನಕ್ಕೆ ಕನ್ನಡದ ಮೇಡಂ ಒಬ್ಬರು ಬಂದ ಮೇಲೆಯೇ ಬೀಗದ ಕೈ ಒಪ್ಪಿಸಿದ್ದು. ಖಾನೆ ಖಾಲಿ ಮಾಡುವಾಗ ಆ ಅರ್ಜಿ ಸಿಕ್ಕಿತು. ಹಿಂದೆಲ್ಲ ಗುರುತುಗಳು, ನಡುನಡುವೆ ತಪ್ಪಿಸಿದ ದಿನಗಳ ಬರಿಯ ಮನೆಗಳೂ ಸಾಕಷ್ಟಿದ್ದುವು.

ಹೋದ ವಾರ ಅಕ್ಕನ ಫೋನು ಬಂದಿತು. ಈಗ ಕಾಲೆತ್ತಿ ಹಿಡಿಯುವ ಶಕ್ತಿ ಹೆಚ್ಚಿದೆಯಂತೆ, ಸಣ್ಣ ಮಗ್ಗಿಗಳು ಬೇಗ ಮುಗಿದುಹೋಗುತ್ತವಂತೆ, ಹದಿನಾರರವರೆಗೆ ಬಂದಿದ್ದಾಳಂತೆ. “ನಾನು ಶಾಲೆ ಬಿಟ್ಟಿದ್ದು ಅಲ್ಲಿಗೇ ಕಣೋ. ಹದಿನೇಳರದು ಬರಲ್ಲ. ದಪ್ಪಕ್ಷರದಲ್ಲಿ ಬರೆದು ಕಳಿಸು” ಎಂದಳು. ಬರೆದಿಟ್ಟಿದ್ದೇವೆ. ಭಾನುವಾರದ ಬಸ್ಸಿಗೆ ನಾವೇ ಹೋಗಿ ಕೊಟ್ಟು ಬರಬೇಕೆಂದಿದೆ.